ಅಪ್‌ಡೇಟ್: ಮೆಟಲ್ ಹಾಡು ಒಂದಾದರೂ ಮುಗೀತು
ಹೋದ ತಿಂಗಳು ಕೇಳಿದ್ದೆ: ಗಿಟಾರ್ ಹಿಡಿದು ಎಂಟು ತಿಂಗಳಾಯ್ತು, ರಿಫ್ (ಮತ್ತೆ ಮತ್ತೆ ನುಡಿಸೋ ಪುಟ್ಟ ಗಿಟಾರ್ ತುಣುಕು) ಹುಟ್ಟುತ್ತವೆ, ಹಾಡು ಮಾತ್ರ ಆಗುತ್ತಿಲ್ಲ, ಏನು ಮಾಡಲಿ ಅಂತ. ಈಗ ಎರಡೂವರೆ ನಿಮಿಷದ್ದೊಂದು ಮುಗಿದಿದೆ.

ನೀವು ಹೇಳಿದಂತೆ ದಪ್ಪ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸಿದೆ. ಪವರ್ ಕಾರ್ಡ್ (ಸಾ, ಪ ಒಟ್ಟಿಗೆ ಮೊಳಗೋ ಗಟ್ಟಿ ಸದ್ದು) ಈಗ ಒಂದೇ ಬೆರಳಲ್ಲಿ ಬರುತ್ತೆ, ಬದುಕಿದೆ!

ಆದರೆ ಗಂಟು ಬಿಚ್ಚಿದ್ದು ಧಾರವಾಡದ ಮಾಮಾ. ಭಜನೆಗೆ ಪೇಟಿ ನುಡಿಸುವವರು. ನನ್ನ ರಿಫ್ ಕೇಳಿ, "ತಮ್ಮಾ, ಇದು ಭೈರವಿ ಅಲ್ಲೇನೋ?" ಅಂದರು. ಹೌದಲ್ವಾ! ನನ್ನ ರಿಫ್ ಇದ್ದದ್ದು ಫ್ರಿಜಿಯನ್ ಅನ್ನೋ ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿ; ಅದು ಸ್ವರಗಳಲ್ಲಿ ನಮ್ಮ ಹಿಂದೂಸ್ತಾನಿಯ ಭೈರವಿ ಥಾಟೇ (ರಾಗಗಳ ಮೂಲ ಸ್ವರಗುಂಪು). ರಿ, ಗ, ಧ, ನಿ ನಾಲ್ಕೂ ಕೋಮಲ, ಅಂದರೆ ಅರ್ಧ ಸ್ವರ ಇಳಿದವು. ಸಾ ಇಂದ ಕೋಮಲ ರಿಗೆ ಗಿಟಾರ್ ಮೇಲೆ ಒಂದೇ ಫ್ರೆಟ್ (ಮನೆ) ದೂರ, ಆ ಭಯ ಹುಟ್ಟಿಸೋ ಸದ್ದು ಅಲ್ಲೇ ಇದೆ. "ಎಲ್ಲೆಲ್ಲೋ ಅಲೀಬ್ಯಾಡ, ಮುಖಡಾಕ್ಕ ತಿರುಗಿ ಬಾ" ಅಂದರು. ಮುಖಡಾ ಅಂದರೆ ಹಾಡಿನಲ್ಲಿ ಮರಳಿ ಮರಳಿ ಬರೋ ಮೊದಲ ಸಾಲು. ಒಂಬತ್ತು ರಿಫ್‌ಗಳಲ್ಲಿ ಆರನ್ನು ಬಿಸಾಕಿದೆ. ಉಳಿದ ಮೂರರಲ್ಲಿ ಒಂದಕ್ಕೆ ಪದೇ ಪದೇ ಮರಳಿದೆ, ಅಷ್ಟೇ.

ಪಾಮ್ ಮ್ಯೂಟ್, ಅಂದರೆ ತಂತಿಯನ್ನು ಅಂಗೈ ಅಂಚಿನಿಂದ ಅರೆ ಅದುಮಿ ನುಡಿಸೋದು, ಇನ್ನೂ ಒರಟು. ಅಂಗೈ ಬ್ರಿಜ್ (ಗಿಟಾರ್ ಮೈಮೇಲೆ ತಂತಿ ಕೂರೋ ಪಟ್ಟಿ) ಬಿಟ್ಟು ಮುಂದೆ ಜಾರಿದರೆ ತಂತಿ ಸತ್ತೇ ಹೋಗುತ್ತೆ. ಹಾಗಾಗಿ ನಿಮಿಷಕ್ಕೆ 140 ಬೀಟ್‌ಗಳ ವೇಗವನ್ನು 110ಕ್ಕೆ ಇಳಿಸಿದೆ. ಸಾಹಿತ್ಯ ಉಣಕಲ್ ಕೆರೆ ದಂಡೆಯಲ್ಲಿ ಕೂತು ಬರೆದಿದ್ದು, ಹುಬ್ಬಳ್ಳಿ ಧೂಳಿನ ಬಗ್ಗೆ. ಅವ್ವ ಮಾತ್ರ "ಇಷ್ಟ್ಯಾಕ ಒದರ್ತೀ?" ಅಂತಾಳೆ.