ಅವ್ವನಿಗೆ ಎದೆನೋವಿಲ್ಲ, ಮೆಟ್ಟಿಲು ಹತ್ತಿದರೆ ತಣ್ಣನೆ ಬೆವರು

ಗಂಗಾವತಿಯ ಮಗ:
ನಮ್ಮ ಅವ್ವನಿಗೆ 61 ವರ್ಷ, ಸಕ್ಕರೆ ಕಾಯಿಲೆ ಬಂದು 14 ವರ್ಷ. ಹೋದ ವರ್ಷ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ನನಗಿಂತ ಮುಂದೆ ಹತ್ತಿದವಳು. ಕಳೆದ ಶನಿವಾರ ಅರ್ಧ ದಾರಿಗೂ ಮುಟ್ಟದೆ ಎರಡು ಸಲ ಕುಳಿತಳು. ಏದುಸಿರು, ಸೆರಗು ಹಿಂಡಿದರೆ ನೀರು ಬರುವಷ್ಟು ಬೆವರು, ಹಣೆ ಮಾತ್ರ ತಣ್ಣಗೆ. “ಎದೆ ನೋಯುತ್ತಿಲ್ಲ, ಗ್ಯಾಸ್ ಅಷ್ಟೇ” ಎಂದು ಅಜವಾನ ಅಗಿದಳು. ನಮ್ಮೂರಲ್ಲಿ ತೆಗೆಸಿದ ಇಸಿಜಿ ಸರಿಯಿದೆ. ಇಷ್ಟಕ್ಕೇ ಬಿಡಬಹುದೇ?

ಮಾನ್ವಿಯ ಮಾಸ್ತರ:
ತಮ್ಮಾ, ಬಿಡಬೇಡ. ನಮ್ಮ ಅಪ್ಪನದೂ ಇದೇ ಮಾತು. ಎರಡು ದಿನ ಸುಸ್ತು, ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದಂತೆ. ನಾವು ಸೋಡಾ ಕುಡಿಸಿದೆವು. ತಿಂಗಳ ಮೇಲೆ ರಾಯಚೂರಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ, ಹೃದಯದ ಒಂದು ಗೋಡೆ ಅಲುಗುತ್ತಲೇ ಇರಲಿಲ್ಲ. ಹೃದಯಾಘಾತ ಆಗಿಹೋಗಿತ್ತು, ಅಪ್ಪನಿಗೇ ತಿಳಿದಿರಲಿಲ್ಲ.
ಅದಕ್ಕೂ ಮೊದಲು ಒಂದು ಸಂಜೆ ಅಪ್ಪ ಹೊಲದಿಂದ ಬಂದಾಗ ಅಂಗಳದುದ್ದಕ್ಕೂ ಹೆಜ್ಜೆಗೊಂದು ರಕ್ತದ ಗುರುತು. ಅಂಗಾಲಲ್ಲಿ ಜಾಲಿಮುಳ್ಳು ಮುರಿದಿತ್ತು, ಅವರಿಗೆ ಅರಿವೇ ಇರಲಿಲ್ಲ. ಬಹಳ ವರ್ಷದ ಸಕ್ಕರೆ ಕಾಲಿನ ನರಗಳನ್ನು ಮಂಕಾಗಿಸುವಂತೆ ಹೃದಯದ ನೋವು ತಿಳಿಸುವ ನರಗಳನ್ನೂ ಮಂಕಾಗಿಸುತ್ತದೆ ಎಂದು ವೈದ್ಯರು ಆಮೇಲೆ ಹೇಳಿದರು. ಆ ಮುಳ್ಳು ನೋಡಿದ ದಿನವೇ ಕರೆದೊಯ್ಯಬೇಕಿತ್ತು ಎಂಬ ಸಂಕಟ ನನಗೆ ಇಂದಿಗೂ ಇದೆ. ನಿಮ್ಮ ಅವ್ವನ ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ, ನೋಡಿದ್ದೀಯಾ?

ಬಳ್ಳಾರಿಯ ನರ್ಸ್:
ಮಲಗಿಸಿ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ರಕ್ತನಾಳ ಕಟ್ಟಿಲ್ಲ ಎನ್ನಲಾಗದು. ತಡಮಾಡದೆ ಹೃದಯ ತಜ್ಞರನ್ನು ಕಾಣಿ. ಎಕೋ, ಟಿಎಂಟಿ (ಯಂತ್ರದ ಪಟ್ಟಿಯ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ) ಯಾವುದು ಬೇಕೆಂದು ಅವರು ನಿರ್ಧರಿಸಲಿ. ಅಲ್ಲಿಯವರೆಗೆ ಬೆಟ್ಟ ಬೇಡ. ಮತ್ತೆ ತಣ್ಣನೆ ಬೆವರು, ಏದುಸಿರು, ದವಡೆಯಲ್ಲೋ ಬೆನ್ನಲ್ಲೋ ಹಿಡಿತ ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ. ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಸಿಗುತ್ತದೆ.
ಇದನ್ನು ಓದಿ ಸಕ್ಕರೆ ಇರುವ ಎಲ್ಲರೂ ಟಿಎಂಟಿಗೆ ಓಡಬೇಕಿಲ್ಲ. ಯಾವ ಲಕ್ಷಣವೂ ಇಲ್ಲದವರು ರಕ್ತದೊತ್ತಡ, ಕೊಲೆಸ್ಟರಾಲ್, ಮೂರು ತಿಂಗಳ ಸಕ್ಕರೆಯ ಸರಾಸರಿ ಹಿಡಿತದಲ್ಲಿಡುವುದೇ ಮುಖ್ಯ. ಇವರ ತಾಯಿಗೆ ಲಕ್ಷಣ ಇದೆ, ನೋವಷ್ಟೇ ಇಲ್ಲ.

ಗಂಗಾವತಿಯ ಮಗ:
ಈಗಷ್ಟೇ ಅವ್ವನ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಎರಡೂ ಅಂಗಾಲು ಸವರಿದೆ. “ಯಾವಾಗ ಶುರು ಮಾಡುತ್ತೀಯೋ?” ಎಂದು ಕೇಳಿದಳು. ಬೆಳಿಗ್ಗೆಯೇ ಬಳ್ಳಾರಿಗೆ ಹೊರಡುತ್ತೇವೆ.