ಗೆದ್ದೀತು, ಗೆಲ್ಲಬಹುದು, ಗೆಲ್ಲಬೇಕು: ರೇಸಿನ ಮುನ್ನೋಟಕ್ಕೆ ಯಾವುದು ಹೊಂದುತ್ತೆ?

ನಮಸ್ಕಾರ. ಬೆಂಗಳೂರು, ಮೈಸೂರಿನ ಕುದುರೆ ರೇಸುಗಳ ಮುನ್ನೋಟವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ಕೆಲವೇ ಗೆಳೆಯರು, ಹೆಚ್ಚಿನವರು ಇಂಗ್ಲಿಷ್ ರೇಸ್ ಬುಕ್ಕನ್ನು ಅರೆದು ಕುಡಿದವರು. ಹೆಸರುಪದಗಳ ಬಗ್ಗೆ ನನಗೇನೂ ತಕರಾರಿಲ್ಲ. ಜಾಕಿ, ಟ್ರೇನರ್, ಹ್ಯಾಂಡಿಕ್ಯಾಪ್, ಡ್ರಾ, ಟೋಟ್, ಜಾಕ್‌ಪಾಟ್ ಎಲ್ಲ ಕನ್ನಡವೇ ಆಗಿಹೋಗಿವೆ. ಜಾಕಿಯನ್ನು ಅಶ್ವಾರೋಹಿ ಅಂತ ಬರೆದರೆ ಓದುವವನು ನಕ್ಕು ಮುಂದೆ ಹೋಗುತ್ತಾನೆ. ಫ್ಲಾಟ್ ರೇಸ್ ಅನ್ನೋದಕ್ಕೂ ಬೇರೆ ಪದ ಬೇಕಿಲ್ಲ, ಬೇಲಿ ಹಾರುವ ಓಟ ನಮ್ಮ ಟರ್ಫ್ ಕ್ಲಬ್ಬುಗಳಲ್ಲಿ ಇಲ್ಲವಲ್ಲ, ಇಲ್ಲಿ ರೇಸ್ ಅಂದರೆ ಫ್ಲಾಟೇ. ನನಗೆ ಕಷ್ಟ ಆಗಿರೋದು ಕ್ರಿಯಾಪದದಲ್ಲಿ.

ಮುನ್ನೋಟ ಅಂದರೆ ಏನು? ಇನ್ನೂ ನಡೆಯದ ಓಟದ ಬಗ್ಗೆ ಎಷ್ಟು ನಂಬಿಕೆ ಇದೆ ಅಂತ ಹೇಳೋದು, ಅಷ್ಟೇ. ದಿನದ ನೆಚ್ಚಿನ ಆಯ್ಕೆಗೆ ಒಂದು ಮಟ್ಟದ ನಂಬಿಕೆ, ಎರಡನೆಯ ಕುದುರೆಗೆ ಇನ್ನೊಂದು, ದೂರದ ಚಾನ್ಸ್ ಇರುವ ಕುದುರೆಗೆ ಮತ್ತೊಂದು. ಈ ಮೆಟ್ಟಿಲುಗಳು ಓದುವವನಿಗೆ ಕಾಣದಿದ್ದರೆ ಬರೆದೂ ಪ್ರಯೋಜನ ಇಲ್ಲ. ಅವನು ಅದನ್ನು ನೋಡಿಕೊಂಡು ದುಡ್ಡು ಕಟ್ಟುತ್ತಾನೆ, ಅಥವಾ ಕಟ್ಟದೆ ಸುಮ್ನೆ ಇರುತ್ತಾನೆ.

ಎಲ್ಲದಕ್ಕೂ ‘ಬಹುದು’ ಹಾಕಿ ಮುಗಿಸುವವರೇ ಜಾಸ್ತಿ. ಇದು ಗೆಲ್ಲಬಹುದು, ಅದೂ ಗೆಲ್ಲಬಹುದು. ಎಂಟು ಕುದುರೆ ಓಡಿದರೆ ಎಂಟೂ ಗೆಲ್ಲಬಹುದು, ಅದರಲ್ಲಿ ಸುಳ್ಳೇನಿದೆ? ಪರವಾನಗಿಗೂ ಅದೇ, ಸಾಧ್ಯತೆಗೂ ಅದೇ, ಹಾಗಾಗಿ ಅದರಲ್ಲಿ ತೂಕವೇ ಉಳಿದಿಲ್ಲ. ‘ಗೆಲ್ಲಬೇಕು’ ಅನ್ನೋದು ರೇಸ್ ಕೋರ್ಸಿನಲ್ಲಿ ಸದಾ ಕಿವಿಗೆ ಬೀಳುವ ಮಾತು, ‘ಇದು ಗೆಲ್ಲಲೇಬೇಕು ಸಾರ್’ ಅಂತಾರೆ. ಬಾಯಲ್ಲಿ ಹೇಳಿದಾಗ ಅದು ಲೆಕ್ಕ ಹಾಕಿ ಹೇಳಿದ ಮಾತು ಅಂತ ಗೊತ್ತಾಗುತ್ತೆ, ದನಿ ಇರುತ್ತಲ್ಲ. ಕಾಗದದ ಮೇಲೆ ಬಂದ ಕೂಡಲೇ ಅದು ಹಟವೋ ಹರಕೆಯೋ ಆಗಿಬಿಡುತ್ತದೆ, ಗೆಲ್ಲದಿದ್ದರೆ ಕುದುರೆಯದೇ ತಪ್ಪು ಅನ್ನುವ ಹಾಗೆ.

ಹೀಗಿರುವಾಗ ಹಳೆಯ ‘ಗೆದ್ದೀತು’ ನೆನಪಾಯಿತು. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಉರು ಹೊಡೆದಿದ್ದೆವಲ್ಲ, ಹೋದಾನು, ಬಂದಾಳು, ಆದೀತು, ಅದೇ ರೂಪ. ಇದು ಅಳೆದೂ ಸುರಿದೂ ಹೇಳುವ ರೂಪ. ಹೇಳುವವನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದ್ದಾನೆ, ಆದರೆ ಆಣೆ ಇಡುತ್ತಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 1200 ಮೀಟರ್ ಹ್ಯಾಂಡಿಕ್ಯಾಪ್, ಅಂದರೆ ಒಳ್ಳೆಯ ಕುದುರೆಗೆ ಹೆಚ್ಚು ಭಾರ ಹೊರಿಸಿ ಸಮ ಮಾಡುವ ಓಟ, ರೇಟಿಂಗ್ (ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ) 20ರಿಂದ 45ರವರೆಗಿನ ಕುದುರೆಗಳು ಅಂದುಕೊಳ್ಳಿ. ರೇಟಿಂಗಿನ ಒಂದು ಅಂಕಕ್ಕೆ ಅರ್ಧ ಕೆಜಿ ಲೆಕ್ಕ. 45ರ ಕುದುರೆ 60 ಕೆಜಿ ಹೊತ್ತರೆ 25ರದ್ದು 50 ಕೆಜಿ ಹೊರುತ್ತದೆ. ಎಲ್ಲ ಕುದುರೆಗಳೂ ಒಟ್ಟಿಗೆ ಗೆರೆ ಮುಟ್ಟಲಿ ಅನ್ನೋದೇ ಹ್ಯಾಂಡಿಕ್ಯಾಪರ್ ಆಸೆ, ಹಾಗಾಗಿ ಇಂಥ ಓಟದಲ್ಲೇ ಕೈ ಸುಟ್ಟುಕೊಳ್ಳುವವರು ಜಾಸ್ತಿ. ಇದಕ್ಕೆ ಹೀಗೆ ಬರೆದಿದ್ದೇನೆ:

‘ನಂಬರ್ 1 ಮೇಲಿನ ಕ್ಲಾಸಿನಿಂದ ಇಳಿದು ಬಂದಿದೆ, ಭಾರ ಜಾಸ್ತಿ ಇದ್ದರೂ ಈ ಗುಂಪಿನಲ್ಲಿ ಇದಕ್ಕೆ ಸಮ ಇಲ್ಲ, ಗೆಲ್ಲುತ್ತದೆ. ನಂಬರ್ 4 ಕಳೆದ ಸಲ ಇದೇ ದೂರದಲ್ಲಿ ಕೊನೆಯ 200 ಮೀಟರಿನಲ್ಲಿ ಚೆನ್ನಾಗಿ ನುಗ್ಗಿತ್ತು, ಈ ಸಲ ಅಪ್ರೆಂಟಿಸ್ ಹುಡುಗ ಸವಾರಿ ಮಾಡುವುದರಿಂದ ಭಾರದಲ್ಲೂ ರಿಯಾಯಿತಿ ಇದೆ, ಮುಂದಿನವು ಶುರುವಿನಲ್ಲೇ ಜೋರಾಗಿ ಓಡಿ ದಣಿದರೆ ಇದು ಗೆದ್ದೀತು. ನಂಬರ್ 7 ತುಂಬಾ ದಿನಗಳ ನಂತರ ಓಡುತ್ತಿದೆ, ಪ್ಲೇಸಿಗೆ ಬರಬಹುದು.’

ಪ್ಲೇಸ್ ಅಂದರೆ ಮೊದಲ ಎರಡು ಮೂರು ಸ್ಥಾನಗಳಲ್ಲೊಂದು. ಮೂರು ಕುದುರೆ, ಮೂರು ರೂಪ. ಗೆಲ್ಲುತ್ತದೆ ಅಂದರೆ ನನ್ನ ಹೆಸರು ಅದರ ಮೇಲಿದೆ. ಗೆದ್ದೀತು ಅಂದರೆ ಒಂದು ‘ರೆ’ ಇದೆ, ಆ ‘ರೆ’ ನಿಜವಾದರೆ ಆಯಿತು. ಬರಬಹುದು ಅಂದರೆ ಬಂದರೆ ನನ್ನನ್ನು ಹೊಗಳಬೇಡಿ, ಬರದಿದ್ದರೆ ಬೈಯಬೇಡಿ. ನನಗೆ ಇದು ಹಿಡಿಸಿದೆ. ಒಬ್ಬ ಗೆಳೆಯ ಮಾತ್ರ ಒಪ್ಪುತ್ತಿಲ್ಲ. ಅವನ ಪ್ರಕಾರ ಈ ರೂಪದಲ್ಲಿ ಎಚ್ಚರಿಕೆ ಅಡಗಿದೆ, ‘ಜೋಕೆ, ಬಿದ್ದೀಯ’, ‘ನಾಯಿ ಕಚ್ಚೀತು’ ಅನ್ನುವ ಹಾಗೆ. ‘ನಂಬರ್ 4 ಗೆದ್ದೀತು’ ಅಂದರೆ ಅದು ಗೆಲ್ಲೋದು ನನಗೆ ಇಷ್ಟ ಇಲ್ಲ, ಗೆದ್ದುಬಿಟ್ಟರೆ ಏನು ಗತಿ ಅಂತ ಭಯಪಡುತ್ತಿದ್ದೇನೆ ಅಂತ ಅವನಿಗೆ ಕೇಳಿಸುತ್ತಂತೆ. ಯೋಚಿಸಿ ನೋಡಿದರೆ ನಂಬರ್ 1ಕ್ಕೆ ದುಡ್ಡು ಕಟ್ಟಿದವನಿಗೆ ಅದು ಭಯವೇ ಅಲ್ವಾ! ‘ಮಳೆ ಬಂದೀತು’ ಅನ್ನೋದು ರೈತನ ಬಾಯಲ್ಲಿ ಆಸೆ, ಮದುವೆ ಮನೆಯಲ್ಲಿ ಆತಂಕ. ಬಣ್ಣ ಸಂದರ್ಭದ್ದು, ರೂಪದ್ದಲ್ಲ ಅಂತ ನನ್ನ ವಾದ. ಬೆಂಗಳೂರಿನ ಮಾತಿನಲ್ಲಿ ಈ ರೂಪ ನನಗೆ ಕೇಳಿಸೋದೇ ಅಪರೂಪ, ಹಾಗಾಗಿ ನನ್ನ ಕಿವಿಯನ್ನು ಪೂರ್ತಿ ನಂಬೋ ಹಾಗಿಲ್ಲ. ಮಲೆನಾಡು, ಧಾರವಾಡ, ಕರಾವಳಿ ಕಡೆಯವರು ಹೇಳಬೇಕು. ನಿಮ್ಮಲ್ಲಿ ಇದು ದಿನದ ಮಾತಾ? ಒಳ್ಳೆಯದಕ್ಕೂ ಬಳಸುತ್ತೀರಾ?

ಇನ್ನೊಂದು ಗಂಟು ಬೆಳಗಿನ ತಾಲೀಮಿನ ವರದಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅದಕ್ಕೆ ಸವೆದು ಹೋದ ಸಾಲುಗಳೇ ಇವೆ. ಔಟರ್ ಸ್ಯಾಂಡ್ (ಹೊರಗಿನ ಮರಳು ಟ್ರ್ಯಾಕ್), 1000 ಮೀಟರ್ ಇಷ್ಟು, ಕೊನೆಯ 600 ಇಷ್ಟು, ಆಮೇಲೆ ಒಂದು ಚುಟುಕು: ‘ಮೂವ್ಡ್ ಫ್ರೀಲಿ’, ‘ಸ್ಟ್ರೋಡ್ ಔಟ್ ವೆಲ್’, ‘ಪ್ಲೀಸ್ಡ್’, ‘ಈಸ್ಡ್ ಅಪ್’. ಪಕ್ಕದಲ್ಲಿ ಆರ್.ಬಿ. ಅಂತ ಇದ್ದರೆ ಜಾಕಿ ಅಲ್ಲ, ಲಾಯದ ರೈಡಿಂಗ್ ಬಾಯ್ ಓಡಿಸಿದ್ದು ಅಂತ ಅರ್ಥ. ಹಳೆ ಓದುಗ ಈ ಚುಟುಕುಗಳಿಂದಲೇ ಅರ್ಧ ತೀರ್ಮಾನ ಮಾಡುತ್ತಾನೆ, ಏಕೆಂದರೆ ಬರೀ ಸಮಯ ಮೋಸ ಮಾಡುತ್ತದೆ. ಚಾಟಿ ತೋರಿಸಿ ತೆಗೆಸಿದ 41 ಸೆಕೆಂಡಿಗಿಂತ ಲಗಾಮು ಬಿಗಿ ಹಿಡಿದೇ ಬಂದ 43 ಒಳ್ಳೆಯದು. ಇದನ್ನು ನಾನು ‘ಸಲೀಸಾಗಿ ಓಡಿತು’, ‘ಕಾಲು ಚಾಚಿ ಓಡಿತು’, ‘ಕೇಳದೆಯೇ ಓಡಿತು’ ಅಂತ ಮಾಡಿಕೊಂಡಿದ್ದೇನೆ. ಮೂರನೆಯದು ನನಗೆ ತುಂಬಾ ಇಷ್ಟ. ‘ಈಸ್ಡ್ ಅಪ್’ಗೆ ‘ಕೊನೆಗೆ ತಡೆದು ತಂದರು’ ಅಂತ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಯಿತು, ಗಿಡ್ಡದ್ದು ಇದ್ದರೆ ಕೊಡಿ. ಮಾಕ್ ರೇಸ್‌ಗೆ, ಅಂದರೆ ಅಭ್ಯಾಸಕ್ಕೆ ಓಡಿಸುವ ರೇಸಿಗೆ, ‘ಅಣಕು ಓಟ’ ಅಂತ ಯಾರೂ ಸೂಚಿಸಬೇಡಿ ದಯವಿಟ್ಟು. ಅಣಕು ಪರೀಕ್ಷೆ, ಅಣಕು ಮತದಾನವನ್ನೇ ಸಹಿಸಿಕೊಂಡಿದ್ದೇವೆ, ಕುದುರೆಗಳು ಒಂದನ್ನೊಂದು ಅಣಕಿಸೋದು ಬೇಡ. ಫಾರ್ಮ್‌ಗೆ ಕ್ರೀಡಾಪುಟದವರ ‘ಲಯ’ ಇದೆ, ಆದರೆ ‘ಈ ಲಾಯದ ಕುದುರೆಗಳು ಲಯಕ್ಕೆ ಬಂದಿವೆ’ ಅಂತ ಬರೆದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಫಾರ್ಮ್ ಅಂತಲೇ ಇಟ್ಟಿದ್ದೇನೆ.

ಸ್ಪರ್ಧಿ ಅನ್ನೋದು ಮನುಷ್ಯರ ಪದ, ಕುದುರೆಗೆ ಒಗ್ಗೋದಿಲ್ಲ. ಇಲ್ಲಿ ನಮ್ಮ ಗಾದೆಯೇ ಕೈ ಹಿಡಿಯಿತು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೀವಲ್ಲ, ಪ್ರತಿ ಓಟದಲ್ಲೂ ಅಂಥ ಮೂರು ನಾಲ್ಕು ಕುದುರೆ ಇದ್ದೇ ಇರುತ್ತವೆ. ಅವನ್ನು ಕಳೆದು ಉಳಿದವು ‘ಲೆಕ್ಕಕ್ಕಿರುವ ಕುದುರೆಗಳು’. ‘ಈ ಓಟದಲ್ಲಿ ಲೆಕ್ಕಕ್ಕಿರುವುದು ನಾಲ್ಕೇ’ ಅಂತ ಶುರು ಮಾಡಿದರೆ ಓದುವವನಿಗೆ ದಾರಿ ಸಿಗುತ್ತದೆ. ಆದರೆ ‘ಕಪ್ಪು ಕುದುರೆ’ ಮಾತ್ರ ನನ್ನ ಕೈಯಲ್ಲಿ ಆಗೋದಿಲ್ಲ. ಅದು ಚುನಾವಣೆ ವರದಿಗಾರರದ್ದು, ಅವರೇ ಇಟ್ಟುಕೊಳ್ಳಲಿ. ರೇಸ್ ಕಾರ್ಡಿನಲ್ಲಿ ಪ್ರತಿ ಕುದುರೆಯ ಬಣ್ಣ ಅಚ್ಚು ಹಾಕಿರುತ್ತಾರೆ, ಅಲ್ಲಿ ಕಪ್ಪು ಕುದುರೆ ಅಂತ ಬರೆದರೆ ಕಪ್ಪನೆಯ ಕುದುರೆ ಯಾವುದು ಅಂತ ಹುಡುಕುತ್ತಾರೆ. ‘ಯಾರೂ ಎಣಿಸದ ಕುದುರೆ’ ಸಾಕು.

ಶೀರ್ಷಿಕೆಯ ಬಗ್ಗೆಯೂ ಒಂದು ಜಗಳ ಇದೆ. ಹಿರಿಯರೊಬ್ಬರು ‘ಕುದುರೆ ಜೂಜು’ ಅಂತ ಇಡು, ಅದೇ ಹಳೆಯ ಪದ ಅಂದರು. ಹಳೆಯದು ನಿಜ, ಆಸ್ತಿಯನ್ನೆಲ್ಲ ಕುದುರೆ ಬಾಲಕ್ಕೆ ಕಟ್ಟಿದ ಅನ್ನೋ ಮಾತೂ ಅದರ ಜೊತೆಯದೇ. ಆದರೆ 1996ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪ್ರಕರಣದಲ್ಲಿ ಕುದುರೆ ರೇಸಿನಲ್ಲಿ ಅದೃಷ್ಟಕ್ಕಿಂತ ಕೌಶಲವೇ ಮುಖ್ಯ ಅಂತ ಹೇಳಿದೆ. ಕುದುರೆಯ ಹಿಂದಿನ ಓಟ, ಭಾರ, ದೂರ, ಜಾಕಿ ನೋಡಿ ಅಳೆಯುವವನು ದಾಳ ಎಸೆಯುವವನಲ್ಲ. ತೆರಿಗೆಯವರು ಈ ಭೇದಕ್ಕೆ ಅಷ್ಟು ಬೆಲೆ ಕೊಟ್ಟಿಲ್ಲ ಬಿಡಿ, 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ, 2025ರ ಸೆಪ್ಟೆಂಬರಿನಿಂದ ಶೇ 40, ಕ್ಯಾಸಿನೊ ಜೊತೆಗೇ ಕೂರಿಸಿದ್ದಾರೆ. ನಾನು ‘ರೇಸಿನ ಮುನ್ನೋಟ’ ಅಂತಲೇ ಇಟ್ಟೆ.

ಕೊನೆಯದು ದುಡ್ಡಿನ ಮಾತು, ಇದಕ್ಕೆ ಖಚಿತ ಉತ್ತರ ಬೇಕು. ಬುಕ್ಕಿ ಹೇಳುವ ‘ಫೋರ್ ಟು ಒನ್’ ಆಡ್ಸನ್ನು ಕನ್ನಡದಲ್ಲಿ ‘ಒಂದಕ್ಕೆ ನಾಲ್ಕು’ ಅಂತಾರೆ. ಬುಕ್ಕಿ ಲೆಕ್ಕದಲ್ಲಿ 100 ರೂಪಾಯಿಗೆ ಲಾಭ 400, ಕಟ್ಟಿದ ನೂರೂ ವಾಪಸ್, ತೆರಿಗೆ ಬಿಟ್ಟು. ಎಲ್ಲರೂ ಕಟ್ಟಿದ ಹಣ ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಟೋಟಿನಲ್ಲಿ ಹಾಗಲ್ಲ, ಅಲ್ಲಿ ಗೆದ್ದವನಿಗೆ ಕೊಡುವ ಡಿವಿಡೆಂಡಿನಲ್ಲಿ ಕಟ್ಟಿದ ಹಣವೂ ಸೇರಿರುತ್ತದೆ. ಈಗ ನಾನು ವಿವರಣೆ ಕೊಡದೆ ಬರೀ ‘ಒಂದಕ್ಕೆ ನಾಲ್ಕು ಸಿಗುತ್ತದೆ’ ಅಂತ ಬರೆದರೆ, ನೂರು ಕಟ್ಟಿ ಗೆದ್ದವನ ಕೈಗೆ ಒಟ್ಟು ಎಷ್ಟು ಬರುತ್ತೆ ಅಂತ ನೀವು ಓದುತ್ತೀರಿ, ನಾನೂರಾ ಐನೂರಾ?