ಒಬ್ಬನೇ ದಾನಿ, ಎರಡು ಗೇಟು: ಒಂದು ಸದಾ ತೆರೆದಿದೆ, ಇನ್ನೊಂದಕ್ಕೆ ಬೀಗ

ಕಲ್ಲುಕಂಬ: ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವ್ಯಾನ್ ವಿಕಲ್ ಗೇಟು (1901), ಪ್ರಿನ್ಸ್‌ಟನ್ನಿನ ಫಿಟ್ಜ್‌ರಾಂಡಾಲ್ಫ್ ಗೇಟು (1905), ಎರಡಕ್ಕೂ ದುಡ್ಡು ಬಂದದ್ದು ಒಬ್ಬನ ಉಯಿಲಿನಿಂದ. ಅಗಸ್ಟಸ್ ವ್ಯಾನ್ ವಿಕಲ್, ಬ್ರೌನ್‌ನ 1876ರ ಪದವೀಧರ. ಬ್ರೌನ್‌ನ ನಡುಬಾಗಿಲು ತೆರೆಯುವುದು ಸಮಾರಂಭಕ್ಕೆ ಮಾತ್ರ: ಹೊಸಬರು ಬರುವಾಗ ಒಳಮುಖವಾಗಿ, ಪದವೀಧರರು ಹೊರಡುವಾಗ ಹೊರಮುಖವಾಗಿ. ಪ್ರಿನ್ಸ್‌ಟನ್ನಿನದು 1970ರಿಂದ ತೆರೆದೇ ಇದೆ. ನನ್ನ ವೋಟು ಬ್ರೌನ್‌ಗೆ. ದಿನವೂ ಓಡಾಡುವ ಬಾಗಿಲನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹುಬ್ಳಿಮಂದಿ: ಅಲ್ರೀ, ಮುಚ್ಚಿಡಾಕ ಅಷ್ಟ್ ರೊಕ್ಕ ಯಾಕ್ ಬೇಕಿತ್ತು? ಗ್ವಾಡಿ ಕಟ್ಟಿದ್ರ ಅಗ್ಗ ಆಗ್ತಿತ್ತಲ್ಲ!

ಕಲ್ಲುಕಂಬ: ಪಕ್ಕದ ಸಣ್ಣ ಗೇಟುಗಳಲ್ಲಿ ಓಡಾಟ ಇದ್ದೇ ಇರುತ್ತೆ ಸಾರ್.

ಓದುಗಿತ್ತಿ: ಪ್ರಿನ್ಸ್‌ಟನ್ ಕಥೆಯನ್ನು ಒಂದೇ ಸಾಲಿಗೆ ಮುಗಿಸಿಬಿಟ್ರಿ. 1753ರಲ್ಲಿ ಕಾಲೇಜಿಗೆ ನಾಲ್ಕೂವರೆ ಎಕರೆ ಜಾಗ ಕೊಟ್ಟವನು ನಥಾನಿಯಲ್ ಫಿಟ್ಜ್‌ರಾಂಡಾಲ್ಫ್. ವ್ಯಾನ್ ವಿಕಲ್ ಅವನ ವಂಶದವನು. ಜಾಗ ಕೊಟ್ಟ ಊರಿನವನ ಹೆಸರಿನ ಗೇಟನ್ನು ಅದೇ ಊರಿನ ಮುಖಕ್ಕೆ ದಶಕಗಟ್ಟಲೆ ಮುಚ್ಚಿಟ್ಟಿದ್ದರು! 1970, ವಿಯೆಟ್ನಾಂ ಯುದ್ಧದ ವಿರುದ್ಧ ಕ್ಯಾಂಪಸ್‌ಗಳು ಕುದಿಯುತ್ತಿದ್ದ ವರ್ಷ. ಆ ವರ್ಷ ಪದವಿ ಪಡೆದ ವಿದ್ಯಾರ್ಥಿಗಳೇ ಗೇಟನ್ನು ಶಾಶ್ವತವಾಗಿ ತೆರೆಸಿದರು. ನೆನಪಿನ ಮಾತಿಗೆ ಬಂದರೆ, ಪದವಿಗೆ ಮುಂಚೆ ಅದರಿಂದ ಹೊರಗೆ ಹೋದರೆ ಪದವಿ ಕೈತಪ್ಪುತ್ತದೆ ಅನ್ನೋ ನಂಬಿಕೆಯಿಂದ ಈಗಲೂ ವಿದ್ಯಾರ್ಥಿಗಳು ಪಕ್ಕದಿಂದ ನುಸುಳುತ್ತಾರೆ. ಬೀಗವೇ ಬೇಕಾಗಲಿಲ್ಲ ನೋಡಿ.

ಮೈಸೂರುಪಾಕ್: ಬ್ರೌನ್‌ನಲ್ಲೂ ಅಷ್ಟೇ, ಪದವಿಗೆ ಮುಂಚೆ ಎರಡನೇ ಸಲ ದಾಟುವಂತಿಲ್ಲವಂತೆ. ಐವಿ ಲೀಗ್ (ಅಮೆರಿಕದ ಹಳೇ ಪ್ರತಿಷ್ಠಿತ ವಿವಿಗಳ ಗುಂಪು) ಆದ್ರೂ ಬೆಕ್ಕು ಅಡ್ಡ ಬಂದ್ರೆ ನಿಲ್ಲೋರೇ 😄

ಗಣಿಧೂಳು: ಆ ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ವ್ಯಾನ್ ವಿಕಲ್ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಧಣಿ. 1897ರ ಆಗಸ್ಟ್‌ನಲ್ಲಿ ಅವನ ಕಲ್ಲಿದ್ದಲು ಒಡೆಯುವ ಘಟಕದ ಹುಡುಗರು ಕೂಲಿಗಾಗಿ ಮುಷ್ಕರ ಹೂಡಿದರು. ಅದು ಸುತ್ತಲಿನ ಗಣಿಗಳಿಗೂ ಹಬ್ಬಿತು. ಸೆಪ್ಟೆಂಬರ್ 10ರಂದು ಲ್ಯಾಟಿಮರ್‌ನಲ್ಲಿ (ಅದು ಬೇರೆಯವರ ಗಣಿ) ಬರಿಗೈಲಿ ಮೆರವಣಿಗೆ ಬಂದ ಕಾರ್ಮಿಕರ ಮೇಲೆ ಶೆರಿಫ್‌ನ ಪಡೆ ಗುಂಡು ಹಾರಿಸಿ 19 ಜನರನ್ನು ಕೊಂದಿತು. ಮರುವರ್ಷ ವ್ಯಾನ್ ವಿಕಲ್ ತೀರಿಕೊಂಡ, ಆಮೇಲೆ ಗೇಟು ಎದ್ದಿತು.

ಕಲ್ಲುಕಂಬ: ಗುಂಡು ಹಾರಿಸಿದ್ದು ಅವನಲ್ಲವಲ್ಲ. ಹೀಗೆ ಕೆದಕುತ್ತಾ ಹೋದರೆ ಯಾವ ದಾನಿಯ ಹೆಸರೂ ಉಳಿಯಲ್ಲ.

ಗಣಿಧೂಳು: ಹೆಸರು ಅಳಿಸಿ ಅಂತ ನಾನೆಲ್ಲಿ ಅಂದೆ? ಆ ಹುಡುಗರ ಬಗ್ಗೆಯೂ ಒಂದು ಫಲಕ ಇರಲಿ ಅಂತಷ್ಟೇ.

ಹುಬ್ಳಿಮಂದಿ: ಹಾಕೂದಾದ್ರ ಸಣ್ಣ ಗೇಟಿಗೇ ಹಾಕ್ರಿ. ದಿನಾ ಮಂದಿ ಅಡ್ಡಾಡೂದು ಅಲ್ಲೇ.